ಬರಿಯ ಸಾಲಿನ ಬೆಲೆ

ಬರವಣಿಗೆಯ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಅಕ್ಷರಗಳ ಇತಿಹಾಸವನ್ನು ಹೇಳುತ್ತಾರೆ. ಅಕ್ಷರಗಳ ನಡುವೆ ಬಿಟ್ಟ ಬರಿಯ ಜಾಗದ ಇತಿಹಾಸವನ್ನು ಹೇಳುವವರು ವಿರಳ. ಬರೆಯದೆ ಬಿಟ್ಟದ್ದಕ್ಕೂ ಒಂದು ಚರಿತ್ರೆಯೇ ಎಂದು ಕೇಳುಗರು ನಗಬಹುದು. ಆದರೆ ಅಂಥದೊಂದು ಚರಿತ್ರೆ ಇದೆ. ಅದರ ತೀರ ಈಚಿನ ಅಧ್ಯಾಯ ನಡೆದಿರುವುದು ಗಣಕಯಂತ್ರಗಳಿಗಾಗಿ ಬರೆಯುವ ಪ್ರೋಗ್ರಾಮುಗಳಲ್ಲಿ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನ್ನಂಥವನಿಗೂ ಆ ಅಧ್ಯಾಯ ಪರಕೀಯವೆನಿಸಲಿಲ್ಲ.

ಹಿನ್ನೆಲೆಗೆಂದು ಎರಡು ಮಾತು. ನಮ್ಮ ಹಲ್ಮಿಡಿ ಶಾಸನದಲ್ಲಿ ಪದಪದಗಳ ನಡುವೆ ತೆರಪಿಲ್ಲ. ಓಲೆಗರಿಯ ಲಿಪಿಕಾರರೂ ಅಕ್ಷರಗಳನ್ನು ಒತ್ತೊತ್ತಾಗಿಯೇ ಬರೆದುಕೊಂಡು ಹೋದರು. ಪದವನ್ನು ಎಲ್ಲಿ ಬಿಡಿಸಬೇಕೆಂಬುದು ಗ್ರಂಥಸಂಪಾದಕನ ಪಾಲಿಗೆ ಬಂದ ಹೊಣೆ; ತಪ್ಪಿದರೆ ಅರ್ಥವೇ ಬೇರೆ. ಯುರೋಪಿನ ಲ್ಯಾಟಿನ್ ಗ್ರಂಥಗಳೂ ಬಹುಕಾಲ ಹೀಗೆಯೇ ಇದ್ದವು. ಏಳು ಎಂಟನೆಯ ಶತಮಾನಗಳಲ್ಲಿ ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿಗಳು ಪದಗಳನ್ನು ಬಿಡಿಸಿ ಬರೆಯುವ ವಾಡಿಕೆಯನ್ನು ಬೆಳೆಸಿದರು. ಲ್ಯಾಟಿನ್ ಅವರ ತಾಯ್ನುಡಿಯಲ್ಲ. ಪರಭಾಷೆಯನ್ನು ಓದುವವನಿಗೆ ಪದದ ಎಲ್ಲೆಯನ್ನು ತೋರಿಸಬೇಕಾಗಿತ್ತು. ಅಂದರೆ ತೆರಪು ಹುಟ್ಟಿದ್ದು ಬರೆಯುವವನ ಸುಖಕ್ಕಲ್ಲ, ಓದುವವನ ಕಷ್ಟವನ್ನು ಕಂಡು.

ಗಣಕಯಂತ್ರಕ್ಕೆ ಇಂಥ ಕಷ್ಟವಿಲ್ಲ. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ಫೋರ್ಟ್ರಾನ್ ಎಂಬ ಭಾಷೆಯನ್ನು ಸಿದ್ಧಪಡಿಸಿದರು. ಅದನ್ನು 80 ಅಂಕಣಗಳ ರಟ್ಟಿನ ಕಾರ್ಡುಗಳ ಮೇಲೆ ತೂತು ಹೊಡೆದು ಬರೆಯುತ್ತಿದ್ದರು. ಆ ಭಾಷೆ ಪದಗಳ ನಡುವಣ ತೆರಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 'ಡೂ 10 ಐ = 1,10' ಎಂದು ಬರೆದರೆ ಮುಂದಿನ ಕೆಲಸವನ್ನು ಹತ್ತು ಸಲ ಮಾಡೆಂದು ಅಪ್ಪಣೆ. ಅಲ್ಪವಿರಾಮವಿದ್ದ ಕಡೆ ಬಿಂದು ಬಿತ್ತೋ, ಯಂತ್ರ ಎಲ್ಲವನ್ನೂ ಒಟ್ಟಿಗೆ ಕೂಡಿಸಿ, 'ಡೂ10ಐ' ಎಂಬೊಂದು ಹೆಸರಿಗೆ 1.10 ಎಂಬ ಬೆಲೆಯನ್ನು ಕೊಟ್ಟು ತೆಪ್ಪಗೆ ಮುಂದೆ ಸಾಗುತ್ತಿತ್ತು. ಪದಚ್ಛೇದ ತಪ್ಪಿದ ಹಳಗನ್ನಡ ಪದ್ಯದ ಅವಸ್ಥೆಯೂ ಇದೇ ಅಲ್ಲವೇ?

ಮುಂದಿನ ಭಾಷೆಗಳಲ್ಲಿ ಪದಗಳ ನಡುವಣ ತೆರಪಿಗೆ ಮನ್ನಣೆ ದೊರೆಯಿತು. ಆದರೂ ಸಾಲುಗಳ ನಡುವೆ ಬಿಟ್ಟ ಬರಿಯ ಸಾಲು ಯಂತ್ರದ ಕಣ್ಣಿಗೆ ಶೂನ್ಯವಾಗಿಯೇ ಉಳಿಯಿತು. 1974ರಲ್ಲಿ ಕರ್ನಿಗನ್ ಮತ್ತು ಪ್ಲಾಗರ್ ಎಂಬ ಇಬ್ಬರು ಪ್ರೋಗ್ರಾಮ್ ಬರವಣಿಗೆಯ ಶೈಲಿಯನ್ನೇ ಕುರಿತು ಒಂದು ಪುಸ್ತಕ ಬರೆದರು. ಗದ್ಯಕ್ಕಿರುವಂತೆ ಪ್ರೋಗ್ರಾಮಿಗೂ ಶೈಲಿಯುಂಟು, ಅದನ್ನು ಓದುವವನು ಮನುಷ್ಯ ಎಂಬ ಅರಿವು ಆಗ ಬಲಗೊಂಡಿತು. 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 'ಲಿಂಟ್' ಎಂಬ ಪರೀಕ್ಷಕವನ್ನು ರಚಿಸಿದರು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಂಡ ನೂಲಿನ ಎಳೆ. ಯಂತ್ರ ಒಪ್ಪಿದರೂ ಸಂಶಯಾಸ್ಪದವಾದ ಪ್ರಯೋಗಗಳನ್ನು ಹೆಕ್ಕಿ ತೋರಿಸುವುದು ಅದರ ಕೆಲಸ. ಅದರ ವಂಶದವರೇ ಇಂದಿನ ಲಿಂಟರುಗಳು.

ಪೈಥಾನ್ ಭಾಷೆಯ ಕರ್ತೃ ಗೀಡೊ ವಾನ್ ರಾಸಮ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ 'ಪೆಪ್ 8' ಎಂಬ ಶೈಲಿಸೂತ್ರಗಳನ್ನು ಪ್ರಕಟಿಸಿದರು. ಸ್ವತಂತ್ರ ಭಾಗಗಳ ನಡುವೆ ಎರಡು ಬರಿಯ ಸಾಲು, ಒಂದು ವರ್ಗದೊಳಗಿನ ಉಪಭಾಗಗಳ ನಡುವೆ ಒಂದು ಎಂದು ಅಲ್ಲಿ ವಿಧಿಸಿದರು. ಆ ಭಾಷೆಯಲ್ಲಿ ಸಾಲಿನ ಆರಂಭದ ತೆರಪು ವ್ಯಾಕರಣ. ಸಾಲುಗಳ ನಡುವಣ ತೆರಪು ಬರಿಯ ಮರ್ಯಾದೆ. 2006ರಲ್ಲಿ ಆ ಮರ್ಯಾದೆಯನ್ನು ಎಣಿಸಿ ನೋಡುವ ಉಪಕರಣವೂ ಬಂತು: ಎರಡು ಸಾಲು ಬೇಕಾದಲ್ಲಿ ಕಡಿಮೆ ಬಿಟ್ಟರೆ 'ಇ302', ಹೆಚ್ಚಾಗಿ ಬಿಟ್ಟರೆ 'ಇ303' ಎಂದು ಆಕ್ಷೇಪಣೆ.

ಇಷ್ಟು ಸಣ್ಣ ಸಂಗತಿಗೆ ಕಾವಲೇಕೆ? ಒಂದು ಪ್ರೋಗ್ರಾಮನ್ನು ನೂರಾರು ಕೈಗಳು ತಿದ್ದುತ್ತವೆ. ಒಬ್ಬನು ಬಿಟ್ಟ ಸಾಲನ್ನು ಇನ್ನೊಬ್ಬನು ಅಳಿಸುತ್ತ ಹೋದರೆ, ತಿದ್ದುಪಡಿಗಳ ದಾಖಲೆಯಲ್ಲಿ ನಿಜವಾದ ಬದಲಾವಣೆ ಮುಚ್ಚಿಹೋಗುತ್ತದೆ. ಕಣ್ಣು ನಂಬುವುದು ತೆರಪನ್ನು. 2014ರಲ್ಲಿ ಆಪಲ್ ಸಂಸ್ಥೆಯ ಭದ್ರತಾ ಪ್ರೋಗ್ರಾಮಿನಲ್ಲಿ ಒಂದು ಸಾಲು ಎರಡು ಸಲ ಬಿದ್ದಿದ್ದುದು ಬಯಲಾಯಿತು. ಎರಡನೆಯದು ಮೇಲಿನ ಷರತ್ತಿಗೆ ಸೇರಿದುದೆಂಬಂತೆ ಒಳಸರಿದು ಕುಳಿತಿತ್ತು. ವಾಸ್ತವವಾಗಿ ಅದು ಯಾವ ಷರತ್ತಿಗೂ ಒಳಪಟ್ಟಿರಲಿಲ್ಲ. ಸಹಿಯ ಪರಿಶೀಲನೆಯೇ ತಪ್ಪಿಹೋಗಿ, ಲಕ್ಷಾಂತರ ಜನರ ಗುಟ್ಟಿನ ವ್ಯವಹಾರ ಅಪಾಯಕ್ಕೆ ಸಿಕ್ಕಿತು. 2016ರ ಹೊತ್ತಿಗೆ ಜಿಸಿಸಿ ಎಂಬ ಪ್ರಸಿದ್ಧ ಅನುವಾದಕ ಪ್ರೋಗ್ರಾಮು ಇಂಥ ಮೋಸದ ಒಳಸರಿತವನ್ನು ಕಂಡರೆ ಎಚ್ಚರಿಸಲು ಕಲಿತಿತು.

ಆದರೂ ಕಾವಲುಗಾರನೇ ಯಜಮಾನನಾಗುವ ಭಯ ಇದ್ದೇ ಇದೆ. ಪೆಪ್ 8ರ ಕರ್ತೃಗಳು ಮೊದಲಿಗೇ, ಎಮರ್ಸನ್ನನ ಪ್ರಸಿದ್ಧ ಮಾತೊಂದನ್ನು ತಲೆಬರಹವಾಗಿಟ್ಟು, ಕುರುಡು ಏಕರೂಪತೆ ಸಲ್ಲದೆಂದು ಎಚ್ಚರಿಸಿದ್ದರು. ಸೂತ್ರಗಳನ್ನು ಪಾಲಿಸಿದರೆ ಓದಿಗೆ ತೊಡಕಾಗುವಲ್ಲಿ ಅವನ್ನು ಬಿಡಬಹುದೆಂದೂ ಹೇಳಿದ್ದರು. ಉಪಕರಣಕ್ಕೂ ಅದೇ ಹೆಸರಿದ್ದುದರಿಂದ ಅದರ ಆಕ್ಷೇಪಣೆಯೇ ಶಾಸ್ತ್ರವೆಂಬ ಗೊಂದಲ ಬೆಳೆಯಿತು. ಕೊನೆಗೆ ವಾನ್ ರಾಸಮ್ ಅವರ ಕೋರಿಕೆಯ ಮೇರೆಗೆ, 2016ರಲ್ಲಿ ಅದರ ಹೆಸರನ್ನು 'ಪೈಕೋಡ್‌ಸ್ಟೈಲ್' ಎಂದು ಬದಲಾಯಿಸಲಾಯಿತು. ಸೂತ್ರ ಬೇರೆ, ಸೂತ್ರವನ್ನು ಎಣಿಸುವ ಯಂತ್ರ ಬೇರೆ ಎಂಬ ವಿವೇಕ ಅಲ್ಲಿ ಉಳಿಯಿತು.

ಈಚೆಗೆ ಆಕ್ಷೇಪಿಸುವುದನ್ನು ಬಿಟ್ಟು ತಾನೇ ತಿದ್ದಿಬಿಡುವ ಉಪಕರಣಗಳು ಬಂದಿವೆ. ಗೋ ಭಾಷೆಯೊಡನೆ 2009ರಲ್ಲಿ ಬಂದ 'ಗೋಫ್ಮ್ಟ್' ಅಂಥದು; 2018ರಲ್ಲಿ ಪೈಥಾನ್ ಭಾಷೆಗಾಗಿ ಬಂದ 'ಬ್ಲ್ಯಾಕ್' ಇನ್ನೊಂದು. ಇವು ಹೆಚ್ಚಾದ ಸಾಲುಗಳನ್ನು ಕೇಳದೆಯೇ ಕತ್ತರಿಸುತ್ತವೆ. ಆದರೆ ಒಂದು ಭಾಗದ ಒಳಗೆ, ಒಂದು ವಿಚಾರ ಮುಗಿದು ಇನ್ನೊಂದು ತೊಡಗುವೆಡೆಯಲ್ಲಿ ಲೇಖಕನು ಬಿಟ್ಟ ಒಂದೇ ಒಂದು ಬರಿಯ ಸಾಲನ್ನು ಇವೆರಡೂ ಮುಟ್ಟದೆ ಉಳಿಸುತ್ತವೆ. ತೆರಪು ಎಷ್ಟಿರಬೇಕೆಂಬುದನ್ನು ಯಂತ್ರಕ್ಕೆ ಒಪ್ಪಿಸಬಹುದು; ಅದರಿಂದ ವೃಥಾ ಕಲಹ ತಪ್ಪುತ್ತದೆ. ಅದು ಎಲ್ಲಿರಬೇಕೆಂಬುದನ್ನು ಮಾತ್ರ, ಓದುವವನು ಎಲ್ಲಿ ಉಸಿರು ತೆಗೆದುಕೊಂಡಾನೆಂದು ಊಹಿಸಬಲ್ಲ ಬರಹಗಾರನೇ ಇಂದಿಗೂ ನಿರ್ಧರಿಸಬೇಕು.