ಪುಟ್ಟ ಗಣಕಕ್ಕೆ ಸಹಾಯಕ ಚಿಪ್: ಒಂದು ಸಣ್ಣ ಇತಿಹಾಸ

ಅಂಗೈಯಗಲದ ಗಣಕಕ್ಕೆ ಕೃತಕ ಬುದ್ಧಿಮತ್ತೆಯ ಚಿಪ್ ಜೋಡಿಸುತ್ತಾರೆ ಎಂದರೆ ನಮಗೆ ತೀರಾ ಹೊಸ ಸಂಗತಿ ಎನಿಸುತ್ತದೆ. ಆದರೆ ಇದರ ಹಿಂದೆ ನಲವತ್ತು ವರ್ಷಗಳ ಕಥೆಯಿದೆ. ಶಾಲೆಗಳಿಗೆಂದೇ ಮಾಡಿದ ಒಂದು ಗಣಕವೂ ಆ ಕಥೆಯಲ್ಲಿದೆ.

1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ, ಬಿಬಿಸಿಯ ಗಣಕ ಶಿಕ್ಷಣ ಯೋಜನೆಗಾಗಿ 'ಬಿಬಿಸಿ ಮೈಕ್ರೋ' ತಯಾರಿಸಿತು. ಅದರ ಬಿ ಮಾದರಿಯ ಸ್ಮರಣೆ ಬರೀ 32 ಕಿಲೋಬೈಟ್. ಆದರೂ ತಯಾರಕರು 'ಟ್ಯೂಬ್' ಎಂಬ ಒಂದು ಕಿಂಡಿ ಇಟ್ಟಿದ್ದರು. ಅದರ ಮೂಲಕ ಎರಡನೆಯ ಪ್ರೊಸೆಸರ್ ಸೇರಿಸಬಹುದಿತ್ತು. ಲೆಕ್ಕವೆಲ್ಲ ಹೊಸ ಚಿಪ್ಪಿನದು. ಕೀಲಿಮಣೆ, ಪರದೆಯ ಉಸ್ತುವಾರಿ ಹಳೆಯದರದು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್ 1985ರಲ್ಲಿ ಬಿಬಿಸಿ ಮೈಕ್ರೋದ ಜೊತೆಗಾರನಾಗಿಯೇ ಕೆಲಸ ಆರಂಭಿಸಿತು.

ಅದೇ 1981ರ ಐಬಿಎಂ ಪಿಸಿಯಲ್ಲೂ ಒಂದು ಖಾಲಿ ಸಾಕೆಟ್ ಇತ್ತು. ದಶಾಂಶದ ಲೆಕ್ಕ ಬೇಗ ಆಗಬೇಕಾದವರು ಅಲ್ಲಿ ಇಂಟೆಲ್ 8087 ಚಿಪ್ ಕೂರಿಸುತ್ತಿದ್ದರು.

ಸಹಾಯಕ ಏಕೆ ಬೇಕು? ಮದುವೆ ಮನೆಯ ಅಡುಗೆ ಭಟ್ಟರಿಗೆ ಎಲ್ಲ ಅಡುಗೆಯೂ ಗೊತ್ತು. ಆದರೆ ಇನ್ನೂರು ತೆಂಗಿನಕಾಯಿ ತುರಿಯಲು ಅವರೊಬ್ಬರೇ ಕೂತರೆ ಊಟ ಸಂಜೆಗೇ. ತುರಿಯುವುದಕ್ಕೆ ಬೇರೆ ಹತ್ತು ಜನ ಬೇಕು. ಕೃತಕ ಬುದ್ಧಿಮತ್ತೆಯ ಲೆಕ್ಕವೂ ಹೀಗೆಯೇ: ಗುಣಿಸು, ಕೂಡಿಸು; ಮತ್ತೆ ಗುಣಿಸು, ಕೂಡಿಸು. ಕೆಲಸ ಸರಳ, ಆದರೆ ರಾಶಿ ರಾಶಿ.

ಆರ್ಮ್ ಚಿಪ್ಪನ್ನೇ ಹೊತ್ತ ರಾಸ್ಪ್‌ಬೆರಿ ಪೈ 2012ರಲ್ಲಿ ಅದೇ ಕೇಂಬ್ರಿಡ್ಜಿನಿಂದ ಬಂತು. 2017ರಲ್ಲಿ ಯುಎಸ್‌ಬಿಗೆ ಸಿಕ್ಕಿಸುವ ಮೊವಿಡಿಯಸ್ ಕಡ್ಡಿ, 2019ರಲ್ಲಿ ಗೂಗಲ್‌ನ ಕೋರಲ್ ಬಂದವು. ಕೋರಲ್ ಸೆಕೆಂಡಿಗೆ 4 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು. ಆದರೆ ಆಗಿನ ಪೈ ಗಣಕಗಳ ಯುಎಸ್‌ಬಿ ನಿಧಾನ; ಬಾಗಿಲೇ ಕಿರಿದು. 2019ರ ಪೈ 4 ಅದನ್ನು ಅಗಲಿಸಿತು. 2023ರ ಪೈ 5ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಯೇ ಬಂತು. 2024ರ ಜೂನ್‌ನಲ್ಲಿ ಅದಕ್ಕೆ ಹೈಲೋ-8ಎಲ್ ಚಿಪ್ಪಿನ ಕಿಟ್ ಬಂದಾಗ ವೇಗ 13 ಲಕ್ಷ ಕೋಟಿಗೆ ಏರಿತು. ಆಗ ಅದರ ಬೆಲೆ 70 ಡಾಲರ್ ಇತ್ತು.

ಶಾಲೆಗೆ ಇದರಿಂದೇನು? ಕ್ಯಾಮೆರಾ ಕಂಡದ್ದನ್ನು ಗುರುತಿಸಲು ಇಂಟರ್‌ನೆಟ್ ಬೇಡ; ಮಕ್ಕಳ ಚಿತ್ರ ಕೊಠಡಿಯಿಂದ ಹೊರಗೆ ಹೋಗಬೇಕಾಗಿಲ್ಲ. ಗಡಿಯಾಚೆಯ ನಮ್ಮಂಥ ಶಾಲೆಗಳಿಗೆ ಇದು ಸಣ್ಣ ಮಾತಲ್ಲ.

ಆದರೆ ಒಂದು ಮಾತು ಮರೆಯಬಾರದು. ಈ ಚಿಪ್ ತಾನಾಗಿ ಕಲಿಯುವುದಿಲ್ಲ. ಬೇರೆ ದೊಡ್ಡ ಗಣಕದಲ್ಲಿ ಕಲಿಸಿದ ಪಾಠವನ್ನು ಇಲ್ಲಿ ಬೇಗ ಒಪ್ಪಿಸುತ್ತದೆ, ಅಷ್ಟೆ. ಮಕ್ಕಳು ಬರೆದ 'ಳ'ವನ್ನು ಅದು ಗುರುತಿಸಬೇಕಾದರೆ, ಕನ್ನಡದ ಕೈಬರಹದ ಸಾವಿರಾರು ಮಾದರಿಗಳನ್ನು ಯಾರಾದರೂ ಮೊದಲು ಕೂಡಿಸಿರಬೇಕು. ಚಿಪ್ ಅಂಗಡಿಯಲ್ಲಿ ಸಿಗುತ್ತದೆ. ಕನ್ನಡದ ಪಾಠವನ್ನು ಕನ್ನಡದವರೇ ಸಿದ್ಧಪಡಿಸಬೇಕು. ಆ ಕೆಲಸ ನಮ್ಮ ಶಾಲೆಗಳಿಂದಲೇ ಏಕೆ ಶುರುವಾಗಬಾರದು? ಏನಂತೀರಿ?