ಸೊನ್ನೆ ಕ್ಯಾಲೊರಿಯ ಸಿಹಿ

ಹೈದರಾಬಾದಿನ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಭಾರತೀಯರ ತಟ್ಟೆಯಲ್ಲಿ ಏನಿದೆ, ಏನು ಸಾಲದು ಎಂಬ ಲೆಕ್ಕವನ್ನು ನೂರು ವರ್ಷಗಳಿಂದ ಬರೆದಿಡುತ್ತ ಬಂದ ಸಂಸ್ಥೆ ಅದು. ಅದೇ ಊರಿನ ಬಿರಿಯಾನಿ ಹೋಟೆಲುಗಳಲ್ಲಿ ತಟ್ಟೆಯ ಪಕ್ಕಕ್ಕೆ ಥಮ್ಸ್ ಅಪ್ ಬರುವುದು ವಾಡಿಕೆ. ಈಗ ಅದರ ಜೊತೆಗೆ ‘ಡಯೆಟ್’, ‘ಝೀರೋ’ ಎಂದು ಬರೆದ ಕ್ಯಾನುಗಳೂ ಫ್ರಿಜ್ಜಿನಲ್ಲಿ ಕೂತಿವೆ. ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಮಗ ಅದನ್ನೇ ತರಿಸುತ್ತಾನೆ. ಇದು ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದನ್ನು ತಿಳಿಯದೆ ಉತ್ತರ ಹೇಳುವುದು ಕಷ್ಟ.

ಸಂಸ್ಥೆ ಹುಟ್ಟಿದ್ದು ಹೈದರಾಬಾದಿನಲ್ಲಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆ ಶುರುಮಾಡಿದರು. ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ಅವುಗಳ ಬೆಳವಣಿಗೆ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ದಷ್ಟಪುಷ್ಟವಾದವು. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡವು ಸೊರಗಿದವು. ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಬಿಡಲಿಲ್ಲ: ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹಾ. ಅದನ್ನು ತಿಂದ ಇಲಿಗಳ ಪಾಡೂ ಚೆನ್ನಾಗಿರಲಿಲ್ಲ.

ಅವರ ನಂತರ ಬಂದ ವ್ಯಾಲೇಸ್ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿ ಪ್ರಕಟಿಸಿದರು. ಬಂಗಾಳದ ಕ್ಷಾಮದ ಕಾರಣ ಹುಡುಕಿದ ವಿಚಾರಣಾ ಆಯೋಗದಲ್ಲೂ ಅವರಿದ್ದರು. ಹಸಿವನ್ನು ಅಷ್ಟು ಹತ್ತಿರದಿಂದ ಕಂಡ ಇದೇ ಮನುಷ್ಯ 1967ರಲ್ಲಿ ಸಕ್ಕರೆಯ ಇತಿಹಾಸವನ್ನೂ, ಅದರ ಬೆನ್ನಿಗಿದ್ದ ಗುಲಾಮಗಿರಿಯ ಕತೆಯನ್ನೂ ಪುಸ್ತಕವಾಗಿ ಬರೆದರು.

1958ರಲ್ಲಿ ಪ್ರಯೋಗಾಲಯ ಹೈದರಾಬಾದಿಗೆ ಬಂತು. ಸಿ. ಗೋಪಾಲನ್ ನಿರ್ದೇಶಕರಾಗಿದ್ದ ಕಾಲದಲ್ಲಿ ಒಂದು ದೊಡ್ಡ ವಾದಕ್ಕೆ ಅದು ಕೇಂದ್ರವಾಯಿತು. ಬಡ ದೇಶಗಳ ಮಕ್ಕಳು ಸೊರಗುವುದು ಪ್ರೋಟೀನ್ ಕೊರತೆಯಿಂದ ಎಂದು ಜಗತ್ತು ಹೇಳುತ್ತಿತ್ತು. ತಟ್ಟೆಯಲ್ಲಿ ಊಟವೇ ಸಾಲದು, ಮೊದಲ ಕೊರತೆ ಕ್ಯಾಲೊರಿಯದ್ದು ಎಂದು ಹೈದರಾಬಾದಿನ ವಿಜ್ಞಾನಿಗಳು ತೋರಿಸಿದರು. ಅವರ ಪಾಲಿಗೆ ಕ್ಯಾಲೊರಿ ಎಂದರೆ ಮಗುವಿನ ಜೀವ. 1969ರಲ್ಲಿ ಸಂಸ್ಥೆಗೆ ಈಗಿನ ಹೆಸರು ಬಂತು.

ಅದೇ 1969ರಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದುದು ಬೇರೆಯೇ ಜಗಳ. ಅಲ್ಲಿನ ಸರ್ಕಾರ ಸೈಕ್ಲಮೇಟ್ ಎಂಬ ಕೃತಕ ಸಿಹಿಯನ್ನು ನಿಷೇಧಿಸಿತು. ಕ್ಯಾಲೊರಿ ಹೆಚ್ಚಾದವರ ದೇಶ ಕ್ಯಾಲೊರಿ ಇಲ್ಲದ ಸಿಹಿಯನ್ನು ಹುಡುಕಿಕೊಂಡಿತ್ತು. ಈಗ ಅದಕ್ಕೇ ಹೆದರತೊಡಗಿತ್ತು.

ಆ ಹುಡುಕಾಟ ಹಳೆಯದು. 1879ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಅಕಸ್ಮಾತ್ತಾಗಿ ಸ್ಯಾಕರಿನ್ ಕಂಡುಹಿಡಿದ. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ, ಕ್ಯಾಲೊರಿ ಸೊನ್ನೆ. ನಮ್ಮಲ್ಲಿ ಸ್ಯಾಕರಿನ್ ಬೀದಿಗೆ ಬಂದದ್ದು ಮೈ ಕರಗಿಸುವುದಕ್ಕಲ್ಲ. ಅದು ಸಕ್ಕರೆಗಿಂತ ಅಗ್ಗ ಎಂಬ ಕಾರಣಕ್ಕೆ ಐಸ್ ಕ್ಯಾಂಡಿಗೆ, ಬಣ್ಣದ ಸೋಡಾಕ್ಕೆ ಬಿತ್ತು. ಅಮೆರಿಕದಲ್ಲಿ ಅದೇ ಪುಡಿ ತೆಳ್ಳಗಾಗಬೇಕೆನ್ನುವವರ ಪಾನೀಯವಾಯಿತು. 1963ರಲ್ಲಿ ಕೋಕಾ-ಕೋಲಾ ಕಂಪನಿ ‘ಟ್ಯಾಬ್’ ಎಂಬ ಸಕ್ಕರೆರಹಿತ ಕೋಲಾ ತಂದಿತು.

1977 ಎರಡೂ ಕಡೆ ನೆನಪಿಡಬೇಕಾದ ವರ್ಷ. ಭಾರತದಲ್ಲಿ ಕೋಕಾ-ಕೋಲಾ ಗಂಟುಮೂಟೆ ಕಟ್ಟಿತು. ಅದರ ಜಾಗಕ್ಕೆ ಸರ್ಕಾರವೇ ‘ಡಬಲ್ ಸೆವೆನ್’ ತಂದಿತು. ಅದರ ರುಚಿಯ ಸೂತ್ರ ಸಿದ್ಧವಾದದ್ದು ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ. ಅಮೆರಿಕದಲ್ಲಿ ಸ್ಯಾಕರಿನ್ ತಿಂದ ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆಗಳು ಕಂಡವೆಂದು ಅದನ್ನೂ ನಿಷೇಧಿಸುವ ಪ್ರಸ್ತಾಪ ಬಂತು. ಜನ ಒಪ್ಪಲಿಲ್ಲ. ನಿಷೇಧದ ಬದಲು ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚಾಯಿತು. ಆ ಗೆಡ್ಡೆಗಳು ಇಲಿಯ ಮೂತ್ರದ ವಿಶೇಷ ಗುಣದಿಂದ ಆದವು, ಮನುಷ್ಯರಿಗೆ ಅದು ಅನ್ವಯಿಸದು ಎಂದು ಮುಂದೆ ತಿಳಿಯಿತು. 2000ದಲ್ಲಿ ಎಚ್ಚರಿಕೆಯನ್ನು ತೆಗೆದರು. ಮೆಕ್‌ಕ್ಯಾರಿಸನ್ನರ ಇಲಿ ಮನುಷ್ಯನ ಕತೆ ಹೇಳಿತ್ತು. ಈ ಇಲಿ ತನ್ನ ಕತೆಯನ್ನಷ್ಟೇ ಹೇಳಿತು. ಯಾವ ಇಲಿಯನ್ನು ನಂಬಬೇಕು ಎಂಬುದು ಅಂದಿನಿಂದಲೂ ಈ ವಿಷಯದ ತೊಡಕು.

1965ರಲ್ಲಿ ಸಿಕ್ಕ ಆಸ್ಪರ್ಟೇಮ್‌ಗೆ 1983ರಲ್ಲಿ ಅಮೆರಿಕದ ಗ್ಯಾಸ್ ಪಾನೀಯಗಳಲ್ಲಿ ಅನುಮತಿ ಸಿಕ್ಕಿತು. ಇಂದಿನ ಹೆಚ್ಚಿನ ಡಯೆಟ್ ಕೋಲಾಗಳ ಸಿಹಿ ಅದರದ್ದೇ. 2023ರ ಜುಲೈಯಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು’ ಎಂಬ 2ಬಿ ಗುಂಪಿಗೆ ಸೇರಿಸಿದಾಗ ಸುದ್ದಿ ಎಲ್ಲೆಡೆ ಹಬ್ಬಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಸಾಕ್ಷ್ಯ ಎಷ್ಟು ಗಟ್ಟಿ ಎಂದು ಈ ಗುಂಪು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂದಲ್ಲ. ಅದೇ ದಿನ ಇನ್ನೊಂದು ತಜ್ಞ ಸಮಿತಿ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. 70 ಕೆಜಿ ತೂಕದವರು ಅದನ್ನು ಮೀರಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕು.

ಹಾಗಾದರೆ ನಿಶ್ಚಿಂತೆಯೇ? ಅಲ್ಲ. ಆ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಸಕ್ಕರೆರಹಿತ ಸಿಹಿಗಳನ್ನು ಬಳಸಬೇಡಿ ಎಂದಿತ್ತು. ದೀರ್ಘಕಾಲ ಬಳಸಿದವರಲ್ಲಿ ಮಧುಮೇಹ, ಹೃದ್ರೋಗ ಹೆಚ್ಚು ಕಂಡಿತ್ತು. ಆದರೆ ಇಲ್ಲೊಂದು ಗಂಟಿದೆ. ಡಯೆಟ್ ಕೋಲಾ ಕುಡಿಯುವವರಲ್ಲಿ ಹಲವರು ಮೊದಲೇ ದಪ್ಪಗಿದ್ದವರು, ವೈದ್ಯರಿಂದ ಬೈಸಿಕೊಂಡವರು. ಕಾಯಿಲೆ ಕ್ಯಾನಿನಿಂದ ಬಂತೋ, ಕಾಯಿಲೆಯ ಭಯದಿಂದ ಕ್ಯಾನು ಬಂತೋ ಎಂದು ಇಂಥ ಸಮೀಕ್ಷೆಗಳಿಂದ ಬಿಡಿಸಿ ಹೇಳುವುದು ಕಷ್ಟ. ಈ ಕಾರಣಕ್ಕೇ ಸಂಸ್ಥೆ ತನ್ನ ಸಲಹೆಯನ್ನು ಷರತ್ತಿನದ್ದೆಂದು ಕರೆಯಿತು. ಈಗಾಗಲೇ ಮಧುಮೇಹ ಇರುವವರನ್ನು ಅದರಿಂದ ಹೊರಗಿಟ್ಟಿತು.

ನಮಗೆ ಮುಖ್ಯವಾದದ್ದು ಆ ಹೊರಗಿಟ್ಟವರ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಚೆನ್ನೈಯಲ್ಲಿ ಮಧುಮೇಹಿಗಳು 12 ವಾರ ಕಾಫಿ-ಚಹಾಕ್ಕೆ ಸಕ್ಕರೆ ಬಿಟ್ಟು ಸುಕ್ರಲೋಸ್ ಹಾಕಿಕೊಂಡು ಕುಡಿದ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು. ರಕ್ತದ ಸಕ್ಕರೆಯ ಹತೋಟಿ ಕೆಡಲಿಲ್ಲ, ಸುಧಾರಿಸಲೂ ಇಲ್ಲ. ತೂಕ ತುಸು ಇಳಿಯಿತು. 12 ವಾರದ ಮಾತು ಇದು, 12 ವರ್ಷದ್ದಲ್ಲ.

ಸಿಹಿಯ ಜಗಳದಲ್ಲಿ ಮರೆತುಹೋಗುವುದು ಹುಳಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ಕೋಲಾಗಳ ಪಿಎಚ್ 3ರ ಆಸುಪಾಸು. ಸಕ್ಕರೆ ತೆಗೆದರೂ ಫಾಸ್ಫಾರಿಕ್ ಆಮ್ಲ ಅಲ್ಲೇ ಉಳಿಯುತ್ತದೆ, ಕೆಫೀನೂ ಉಳಿಯುತ್ತದೆ. ಎನಾಮಲ್ಲಿನ ಮಟ್ಟಿಗೆ ‘ಝೀರೋ’ ಎಂಬುದು ಝೀರೋ ಅಲ್ಲ. ಹೈದರಾಬಾದಿನ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ ಈ ಆಮ್ಲದ ಬಗ್ಗೆ ಬಹಳ ಹಿಂದೆಯೇ ಎಚ್ಚರಿಸಿ, ಮಜ್ಜಿಗೆ, ಎಳನೀರು ಮೇಲು ಎಂದಿತ್ತು. ಒಂದು ಕಾಲಕ್ಕೆ ಕ್ಯಾಲೊರಿ ಸಾಲದೆಂದು ವಾದಿಸಿದ ಅದೇ ಮನೆಯಿಂದ 2024ರ ಮೇಯಲ್ಲಿ ಬಂದ 17 ಸೂತ್ರಗಳ ಹೊಸ ಮಾರ್ಗಸೂಚಿ, ಸಕ್ಕರೆಯನ್ನು ದಿನಕ್ಕೆ 25 ಗ್ರಾಮಿನೊಳಗೆ ಇಡಿ ಎನ್ನುತ್ತದೆ. 300 ಮಿಲಿಲೀಟರಿನ ಸಾಮಾನ್ಯ ಕೋಲಾ ಒಂದರಲ್ಲೇ 30 ಗ್ರಾಮಿಗೂ ಹೆಚ್ಚು ಸಕ್ಕರೆ ಇದೆ.

ಲೇಬಲ್ಲಿನ ಮಾತು ಎಷ್ಟು ದೊಡ್ಡದು ಎಂಬುದನ್ನು ಇದೇ ಊರು ಇನ್ನೊಮ್ಮೆ ತೋರಿಸಿತು. ಸಕ್ಕರೆ ತುಂಬಿದ ಪಾನೀಯಗಳನ್ನು ‘ಓಆರ್‌ಎಸ್’ ಹೆಸರಿನಲ್ಲಿ ಮಾರುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜಿನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಕೂಡದೆಂದು ಆದೇಶಿಸಿತು. ಡಯೆಟ್ ಕ್ಯಾನಿನ ಮೇಲೂ ಸಣ್ಣ ಅಕ್ಷರದ ಸಾಲುಗಳಿವೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುರೋಗ ಇರುವವರಿಗೆ ಆಸ್ಪರ್ಟೇಮ್ ಸಲ್ಲದು ಎಂಬುದು ಅದರಲ್ಲೊಂದು. ದೊಡ್ಡಕ್ಷರದ ‘ಝೀರೋ’ ಓದುವವರು ಅದನ್ನು ಓದುವುದು ಕಡಿಮೆ.

ಮೂಲ ಪ್ರಶ್ನೆಯನ್ನು ಈಗ ಸರಿಯಾಗಿ ಕೇಳಬಹುದು: ಯಾವುದಕ್ಕೆ ಹೋಲಿಸಿದರೆ? ದಿನಾ ಎರಡು ಬಾಟಲಿ ಸಿಹಿ ಕೋಲಾ ಕುಡಿಯುವ ಮಧುಮೇಹಿ ಡಯೆಟ್‌ಗೆ ಬದಲಾದರೆ ದಿನಕ್ಕೆ 60 ಗ್ರಾಂ ಸಕ್ಕರೆ ತಪ್ಪುತ್ತದೆ. ಅದು ಸಣ್ಣ ಲಾಭವಲ್ಲ. ನೀರು, ಮಜ್ಜಿಗೆ ಕುಡಿಯುತ್ತಿದ್ದವರು ‘ಹೇಗೂ ಸಕ್ಕರೆ ಇಲ್ಲವಲ್ಲ’ ಎಂದು ಕ್ಯಾನು ಹಿಡಿದರೆ ಅದು ಬರೀ ನಷ್ಟ. ಹಲ್ಲು ಇನ್ನೂ ಬಲಿಯದ, ಸಿಹಿಯ ರುಚಿ ಈಗಷ್ಟೇ ಕಲಿಯುತ್ತಿರುವ ಮಗುವಿನ ಕೈಗೆ ಅದನ್ನು ಕೊಡಲು ಕಾರಣವೇ ಇಲ್ಲ. ಅಪ್ಪನಿಗೆ ತರಿಸಿದ ಕ್ಯಾನು ಮೊಮ್ಮಗನ ಕೈ ಸೇರದಿದ್ದರೆ ಸಾಕು.