ಗ್ರಾಗಿ: ಒಂದು ನಿಲುವಂಗಿಯಿಂದ ಹುಟ್ಟಿದ ಅಮಲು

ಮೊನ್ನೆ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಆಫೀಸಿಗೆ ಬಂದ ಗೆಳೆಯ "ಯಾಕೋ ತುಂಬಾ ಗ್ರಾಗಿ ಅನ್ನಿಸ್ತಿದೆ ಮಾರಾಯ" ಅಂದ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಊರಿಂದ ಬಂದಿದ್ದ, ಪಾಪ. ಕಾಫಿ ಬಿಟ್ಟು ಬೇರೇನೂ ಕುಡಿಯದ ಪ್ರಾಣಿ ಅದು! ಆ ಪದದ ಮೊದಲ ಅರ್ಥ 'ಕುಡಿದು ತೂರಾಡುವವನು' ಅಂದಿದ್ದಕ್ಕೆ ನನ್ನನ್ನೇ ಗುರಾಯಿಸಿದ. :) ಅವನಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬ್ರಿಟಿಷ್ ನೌಕಾಪಡೆಯಲ್ಲಿ ಎಡ್ವರ್ಡ್ ವೆರ್ನನ್ ಅಂತ ಒಬ್ಬ ಅಡ್ಮಿರಲ್ ಇದ್ದ. 1739ರಲ್ಲಿ ಬರೀ ಆರು ಹಡಗು ತೆಗೆದುಕೊಂಡು ಹೋಗಿ, ಈಗಿನ ಪನಾಮಾದಲ್ಲಿರುವ ಪೋರ್ಟೊ ಬೆಲ್ಲೊ ಬಂದರನ್ನು ಸ್ಪೇನಿನವರಿಂದ ಕಿತ್ತುಕೊಂಡವನು. ರೇಷ್ಮೆ, ಉಣ್ಣೆ ಬೆರೆಸಿ ನೇಯ್ದ 'ಗ್ರಾಗ್ರಮ್' ಎಂಬ ಒರಟು ಬಟ್ಟೆಯ ನಿಲುವಂಗಿ ತೊಡುತ್ತಿದ್ದ. ಅದಕ್ಕೇ ನಾವಿಕರು ಅವನಿಗಿಟ್ಟ ಅಡ್ಡಹೆಸರು 'ಓಲ್ಡ್ ಗ್ರಾಗ್'.

ಆಗ ಕೆರಿಬಿಯನ್ ಕಡೆಯ ಹಡಗುಗಳಲ್ಲಿ ಪ್ರತಿಯೊಬ್ಬನಿಗೂ ದಿನಕ್ಕೆ ಅರ್ಧ ಪೈಂಟ್, ಅಂದರೆ ಸುಮಾರು ಕಾಲು ಲೀಟರ್ ರಮ್! ನೀರಿಲ್ಲದೆ, ಗಟಗಟನೆ. ಆಮೇಲೆ ಶಿಸ್ತು ಎಲ್ಲಿಯದು? ಆರೋಗ್ಯ ಎಲ್ಲಿಯದು? ಇದನ್ನು ನೋಡಿ ರೋಸಿಹೋದ ವೆರ್ನನ್ 1740ರ ಆಗಸ್ಟ್ 21ರಂದು ಆಜ್ಞೆ ಹೊರಡಿಸಿದ. ಒಂದು ಪಾಲು ರಮ್ಮಿಗೆ ನಾಲ್ಕು ಪಾಲು ನೀರು. ಬೆರೆಸುವುದು ಡೆಕ್ಕಿನ ಮೇಲೆ, ಅಧಿಕಾರಿಯ ಕಣ್ಣೆದುರು. ಕೊಡುವುದು ದಿನಕ್ಕೆ ಎರಡು ಸಲ. ರುಚಿ ಬೇಕಾದವರು ತಮ್ಮ ಪಡಿತರದಲ್ಲಿ ಉಳಿಸಿ ಸಕ್ಕರೆ, ನಿಂಬೆಹಣ್ಣು ಕೊಂಡುಕೊಳ್ಳಬಹುದು.

ನಾವಿಕರು ಬಿಡುತ್ತಾರೆಯೇ? ಆ ನೀರು ರಮ್ಮಿಗೂ ಅವನ ಹೆಸರನ್ನೇ ಇಟ್ಟರು - ಗ್ರಾಗ್. ಅದನ್ನು ಕುಡಿದು ಓಲಾಡುವವನು ಗ್ರಾಗಿ! ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲಿ ಕುಡುಕತನಕ್ಕೆ ಸಂಬಂಧಿಸಿದ 200ಕ್ಕೂ ಹೆಚ್ಚು ಮಾತುಗಳ ಪಟ್ಟಿ ಅಚ್ಚು ಹಾಕಿದ್ದ. ಅದರಲ್ಲಿ ಗ್ರಾಗಿ ಇರಲು ಸಾಧ್ಯವೇ ಇಲ್ಲ, ಗ್ರಾಗೇ ಇನ್ನೂ ಹುಟ್ಟಿರಲಿಲ್ಲವಲ್ಲ.

ಕುಡಿತ ಕಡಿಮೆ ಮಾಡಲು ಹೊರಟವನ ಹೆಸರೇ ಕುಡಿತಕ್ಕೆ ಅಂಟಿಕೊಂಡಿದ್ದು ನೋಡಿ ನನಗೆ ನಗುವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಗೆದ್ದ ಬಂದರನ್ನು ಯಾರು ನೆನಪಿಟ್ಟುಕೊಂಡಿದ್ದಾರೆ ಈಗ?

ಮುಂದೆ ಪದ ತಾನೇ ನಡೆದುಕೊಂಡು ಹೋಯಿತು. 19ನೇ ಶತಮಾನದಲ್ಲಿ ಏಟು ತಿಂದು ತತ್ತರಿಸುವ ಬಾಕ್ಸರ್ ಗ್ರಾಗಿ, ಮುಂಗಾಲು ಸೋತ ಕುದುರೆಯೂ ಗ್ರಾಗಿ. ಈಗ ನಿದ್ದೆಗೆಟ್ಟವರು, ಜ್ವರದ ಮಾತ್ರೆ ನುಂಗಿದವರು ಎಲ್ಲರೂ ಗ್ರಾಗಿ. ಹೆಂಡ ಪೂರ್ತಿ ಇಳಿದುಹೋಗಿ ತೂರಾಟ ಮಾತ್ರ ಉಳಿದಿದೆ. ಅತ್ತ ನೌಕಾಪಡೆಯೂ 1970ರ ಜುಲೈ 31ರಂದು ದಿನದ ರಮ್ ನಿಲ್ಲಿಸಿತು. ಅವತ್ತು ಕೆಲವು ನಾವಿಕರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡಿದ್ದರಂತೆ!

ನಮಗೆ ಇಷ್ಟೆಲ್ಲಾ ಸುತ್ತಾಟ ಬೇಕಿಲ್ಲ ಬಿಡಿ. ಕುಡಿದರೂ ಮತ್ತು, ನಿದ್ದೆಗೂ ಮತ್ತು. ಆದರೂ ಗೆಳೆಯನ ಆ ಬೆಳಗಿನ ಅವಸ್ಥೆಗೆ 'ಮಂಪರು' ಇನ್ನೂ ಚೆನ್ನಾಗಿ ಒಪ್ಪುತ್ತೆ ಅನ್ನಿಸುತ್ತೆ. ನಿಮ್ಮೂರ ಕಡೆ ಇದಕ್ಕೆ ಏನಂತೀರಿ?